ಸೊಗಡಿನ ಕತೆಗಳನ್ನು ಓದುವ ಬಗೆ

ಚಿರಂಜೀವಿ ಮೇಧಾಳಿಗೆ ಸೋದರಮಾವನ ಆಶೀರ್ವಾದಗಳು.

ಅಮೆರಿಕದ ವಾಸ್ತವವಾದಿ ಕಥನದಲ್ಲಿನ ಪ್ರಾದೇಶಿಕತೆಯ ಕುರಿತು ಪ್ರಬಂಧ ಬರೆಯಲು ಹೊರಟಿರುವೆ ಎಂದು ತಿಳಿದು ಸಂತೋಷವಾಯಿತು. ಆದರೆ ನೀನು ಕಳುಹಿಸಿದ ಟಿಪ್ಪಣಿಗಳಲ್ಲಿ ಆಡುಮಾತು, ಊಟ, ಉಡುಗೆ, ಹವಾಮಾನಗಳ ಪಟ್ಟಿಯೇ ಹೆಚ್ಚಾಗಿದೆ. ಊರಿನ ಸೊಗಡನ್ನು ಯಾರು, ಯಾರ ಮುಂದೆ, ಏತಕ್ಕಾಗಿ ತೆರೆದಿಡುತ್ತಿದ್ದಾರೆ ಎಂಬುದನ್ನು ಮೊದಲು ಕೇಳಿಕೋ.

1865ರಲ್ಲಿ ಅಂತರ್ಯುದ್ಧ ಮುಗಿದು, 1869ರಲ್ಲಿ ರೈಲುಹಳಿ ಖಂಡದ ಪೂರ್ವ ಪಶ್ಚಿಮಗಳನ್ನು ಬೆಸೆದ ಮೇಲೆ, ನಗರದ ಓದುಗರಿಗೆ ದೂರದ ಊರುಗಳ ಬಗ್ಗೆ ಕುತೂಹಲ ಹೆಚ್ಚಿತು. ಬಾಸ್ಟನ್ನಿನ 'ಅಟ್ಲಾಂಟಿಕ್ ಮಂತ್ಲಿ'ಯಂತಹ ಪತ್ರಿಕೆಗಳು ಅಂತಹ ಕತೆಗಳಿಗೆ ಧಾರಾಳವಾಗಿ ಜಾಗ ಕೊಟ್ಟವು. ಹಳ್ಳಿಯವರ ಮಾತನ್ನು ಆ ಹಳ್ಳಿಯನ್ನೇ ಕಾಣದವರು ಓದುವ ಏರ್ಪಾಡು ಅದು.

ಈ ಏರ್ಪಾಡನ್ನು ಚಾರ್ಲ್ಸ್ ಚೆಸ್ನಟ್‌ನಷ್ಟು ಜಾಣತನದಿಂದ ಬಳಸಿಕೊಂಡವರು ವಿರಳ. ಅದೇ ಪತ್ರಿಕೆಯಲ್ಲಿ 1887ರಲ್ಲಿ ಬಂದ 'ದಿ ಗೂಫರ್ಡ್ ಗ್ರೇಪ್‌ವೈನ್' ಕತೆಯಲ್ಲಿ, ಉತ್ತರದ ಬಿಳಿಯನೊಬ್ಬ ನಾರ್ತ್ ಕ್ಯಾರೊಲಿನಾದಲ್ಲಿ ಪಾಳುಬಿದ್ದ ದ್ರಾಕ್ಷಿ ತೋಟ ಕೊಳ್ಳಲು ಬರುತ್ತಾನೆ. ಹಿಂದೆ ಗುಲಾಮನಾಗಿದ್ದ ಜೂಲಿಯಸ್, ಬಳ್ಳಿಗಳಿಗೆ ಮಾಟ ಮಾಡಿಸಲಾಗಿದೆಯೆಂದು ತನ್ನ ಆಡುಮಾತಿನಲ್ಲಿ ವಿವರಿಸುತ್ತಾನೆ. ಬಳ್ಳಿ ಚಿಗುರಿದಾಗ ಹೆನ್ರಿಯೆಂಬ ಗುಲಾಮನೂ ಮೈದುಂಬಿಕೊಳ್ಳುತ್ತಾನೆ, ಬಾಡಿದಾಗ ಸೊರಗುತ್ತಾನೆ. ಧಣಿ ಅವನನ್ನು ವಸಂತದಲ್ಲಿ ಹೆಚ್ಚಿನ ಬೆಲೆಗೆ ಮಾರಿ, ಸೊರಗಿದ ಮೇಲೆ ಅಗ್ಗವಾಗಿ ಮರಳಿ ಕೊಳ್ಳುತ್ತಾನೆ. ಮಾಟದ ಮಾತಿಗೆ ನಗು ಬಂದೀತು. ಮನುಷ್ಯನ ಮೈಗೆ ಕಟ್ಟಿದ ಬೆಲೆಯ ಲೆಕ್ಕ ಮಾತ್ರ ನಗುವಂಥದ್ದಲ್ಲ. ಆ ತೋಟದ ಹಣ್ಣಿನಿಂದ ಜೂಲಿಯಸ್ ಸಂಪಾದಿಸುತ್ತಿದ್ದನೆಂದು ಕೊನೆಗೆ ಅರಿತ ಬಿಳಿಯ, ಗುಟ್ಟೆಲ್ಲ ತಿಳಿಯಿತೆಂದು ಸಮಾಧಾನಪಡುತ್ತಾನೆ. ಹೆನ್ರಿಯ ಪಾಡು ಅವನ ಕಿವಿಗೆ ಬಿದ್ದೇ ಇಲ್ಲ. ಲೇಖಕ ಆಫ್ರಿಕನ್ ಮೂಲದವನೆಂಬುದು ಆಗಿನ ಅನೇಕ ಓದುಗರಿಗೂ ತಿಳಿದಿರಲಿಲ್ಲ!

ಸಾರಾ ಆರ್ನ್ ಜ್ಯೂಯೆಟ್ ಮೇನ್ ಪ್ರಾಂತದ ಮಗಳೇ ಆದರೂ, 1896ರ 'ದಿ ಕಂಟ್ರಿ ಆಫ್ ದಿ ಪಾಯಿಂಟೆಡ್ ಫರ್ಸ್'ನಲ್ಲಿ ಕತೆ ಹೇಳಿಸಿದ್ದು ಅಲ್ಲಿನ ಕಡಲತೀರದ ಊರಿಗೆ ಬೇಸಿಗೆ ಕಳೆಯಲು ಬಂದ ಲೇಖಕಿಯ ಬಾಯಿಂದ. ಅಲ್ಲಿ ನಾರುಬೇರು ಬಲ್ಲ ಟಾಡ್ ಎಲ್ಲರಿಗೂ ಪ್ರಿಯಳಾಗುತ್ತಾಳೆ. ನೀನು ಹಡಗಿನ ಮುದಿ ಕಪ್ತಾನ ಲಿಟಲ್‌ಪೇಜ್‌ನ ಕಡೆಗೂ ಗಮನ ಕೊಡು. ಹಡಗು ಸಂಚಾರ ಇಳಿದ ಮೇಲೆ ಊರಿನವರ ತಿಳಿವು ಕುಗ್ಗಿತೆಂದು ಅವನು ಕೊರಗುತ್ತಾನೆ. ಹೊರಗಿನವರಿಗೆ ಮೂಲೆಯಂತೆ ಕಾಣುವ ಆ ಊರು ಒಂದು ಕಾಲಕ್ಕೆ ಲೋಕವನ್ನೇ ಸುತ್ತಿಬಂದಿತ್ತು.

ಹ್ಯಾಮ್ಲಿನ್ ಗಾರ್ಲೆಂಡ್‌ನ 1891ರ ಕಥಾಸಂಕಲನಕ್ಕೆ ಒಂದೆರಡು ಪುಟ ಸಾಕು; ಒಕ್ಕಲುತನದ ಕಷ್ಟವನ್ನು ಅವನು ಮುಚ್ಚಿಡಲಿಲ್ಲ, ಆದರೆ ಅಲ್ಲಲ್ಲಿ ಭಾಷಣ ಮಾಡುತ್ತಾನೆಂದು ನನ್ನ ಅನಿಸಿಕೆ. ನಮ್ಮ ಪ್ರಾದೇಶಿಕ ಕಾದಂಬರಿಗಳೊಂದಿಗೆ ಹೋಲಿಸುವ ಆತುರ ಈಗಲೇ ಬೇಡ. ಮೊದಲು ಜೂಲಿಯಸ್‌ನ ಮಾತನ್ನು ಗಟ್ಟಿಯಾಗಿ ಓದಿಕೋ, ಬರೆದ ಕಾಗುಣಿತ ಕಣ್ಣಿಗೆ ತೊಡಕೆನಿಸಿದರೂ ಕಿವಿಗೆ ಬೇಗ ಹತ್ತುತ್ತದೆ. ಚೆಸ್ನಟ್ ಅಧ್ಯಾಯದ ಕರಡು ಮುಗಿದೊಡನೆ ಕಳುಹಿಸು.

ಇತಿ ನಿನ್ನ
ಸೋದರಮಾವ