ಈ ಸಲ ಸಾಕ್ಷ್ಯಚಿತ್ರ ರಾತ್ರಿ ಇಲ್ಲ, ಮಧ್ಯಾಹ್ನ 2ಕ್ಕೆ

ನಮ್ಮ ಚಿತ್ರಮಂದಿರದ ಸದಸ್ಯರಿಗೂ ಪ್ರೇಕ್ಷಕರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಕಲಾ ಹಬ್ಬದ ಸಾಕ್ಷ್ಯಚಿತ್ರಗಳು ಈ ವರ್ಷ ರಾತ್ರಿ ಇರುವುದಿಲ್ಲ. ಶುಕ್ರವಾರ ಮತ್ತು ಶನಿವಾರ ಮಧ್ಯಾಹ್ನ 2 ಗಂಟೆಗೆ ಶುರು. ಎರಡೂ ದಿನದ ಚಿತ್ರಗಳನ್ನು ಭಾನುವಾರ ಬೆಳಗ್ಗೆ 10ರಿಂದ ಒಂದರ ಹಿಂದೆ ಒಂದು ಮತ್ತೆ ಹಾಕುತ್ತೇವೆ. ಇಂಟರ್‌ವೆಲ್ ಇರುವುದಿಲ್ಲ.

ಯಾಕೆ ಅಂತ ಕೇಳುತ್ತೀರಿ. ಕಳೆದ ವರ್ಷದ ಶನಿವಾರ ರಾತ್ರಿ ಬಂದವರಿಗೆ ಕಾರಣ ಗೊತ್ತಿರಬಹುದು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜಾರಿದ್ದರ ಬಗ್ಗೆ ಒಂದು ಚಿತ್ರ ಇತ್ತು. 7 ಗಂಟೆಗೆ ಅಂತ ಹೇಳಿ ಏಳೂವರೆಗೆ ಶುರು ಮಾಡಿದ್ದು ನಮ್ಮದೇ ತಪ್ಪು. ಹಾಲ್ ತುಂಬಿತ್ತು. 8 ಗಂಟೆ ಆಗುತ್ತಿದ್ದಂತೆ ಕತ್ತಲಲ್ಲಿ ಒಂದೊಂದೇ ಮೊಬೈಲ್ ಹೊತ್ತಿಕೊಂಡಿತು. ಯಾರೂ ಮೆಸೇಜ್ ನೋಡುತ್ತಿರಲಿಲ್ಲ, ಗಂಟೆ ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಬಗ್ಗಿಕೊಂಡು, ಪಕ್ಕದವರ ಮಂಡಿಗೆ ತಾಗದ ಹಾಗೆ, ಎದ್ದು ಹೊರಟರು. ಹಳ್ಳಿ ಕಡೆಯ ಕೊನೆ ಬಸ್ಸು ಯಾರಿಗೋಸ್ಕರವೂ ಕಾಯುವುದಿಲ್ಲ ಅಲ್ವಾ? ಚಿತ್ರ ಮುಗಿದು ದೀಪ ಹಾಕಿದಾಗ ನಿರ್ದೇಶಕರು ಮೈಕ್ ಹಿಡಿದು ನಿಂತಿದ್ದರು. ಎದುರಿಗೆ ಉಳಿದವರು ಏಳು ಜನ. ಅದರಲ್ಲಿ ಮೂವರು ನಮ್ಮ ಕಮಿಟಿಯವರೇ.

ಮರುದಿನ ಬೆಳಗ್ಗೆ ಮಕ್ಕಂದೂರು ಕಡೆಯ ಹಿರಿಯರೊಬ್ಬರು ಟಿಕೆಟ್ ಕೌಂಟರ್ ಹತ್ತಿರ ಬಂದರು. "ನಿನ್ನೆ ತೋರಿಸಿದ್ದು ನಮ್ಮ ಮನೆ ದಾರಿ. ಅವರಿಗೆ ಒಂದು ಮಾತು ಹೇಳೋದಿತ್ತು. ಬಸ್ ಇತ್ತು, ಎದ್ದು ಹೋದೆ. ಅವರು ಇದ್ದಾರಾ?" ಅಷ್ಟು ಹೊತ್ತಿಗೆ ನಿರ್ದೇಶಕರ ಕಾರು ಕುಶಾಲನಗರ ದಾಟಿತ್ತು. ಆ ಮಾತು ಏನು ಅಂತ ನಾವು ಕೇಳಿದೆವು. ನಮಗೆ ಹೇಳಿ ಏನು ಪ್ರಯೋಜನ ಅನ್ನುವ ಹಾಗೆ ನಕ್ಕು, ಚೀಲ ಎತ್ತಿಕೊಂಡು ಹೋದರು. ಈ ಬದಲಾವಣೆ ಆಗಿದ್ದು ಅವರಿಂದ. ಕಮಿಟಿಯಲ್ಲಿ ನಾಲ್ಕು ಸಲ ಚರ್ಚೆ ಆದರೂ ಕೊನೆಗೆ ಎಲ್ಲರೂ ನೆನಪಿಸಿಕೊಂಡದ್ದು ಅವರನ್ನೇ.

ಒಬ್ಬ ಸದಸ್ಯರು ಬಿಡಲಿಲ್ಲ. ದಸರಾದಲ್ಲಿ ಹತ್ತು ದೇವಸ್ಥಾನಗಳ ಮಂಟಪದ ಮೆರವಣಿಗೆ ನೋಡಲು ಇದೇ ಜನ ಬೆಳಗಾಗುವವರೆಗೂ ರಸ್ತೆಯಲ್ಲಿ ನಿಲ್ಲುವುದಿಲ್ಲವೇ ಎಂದರು. ನಿಲ್ಲುತ್ತಾರೆ. ಆದರೆ ಅದು ವರ್ಷಕ್ಕೊಂದು ರಾತ್ರಿ, ಊರಿಗೆ ಊರೇ ಎದ್ದಿರುತ್ತದೆ. ಸಿನಿಮಾ ಮುಗಿಸಿ ಮಂಜಿನಲ್ಲಿ, ಆನೆ ಓಡಾಡುವ ತೋಟದ ದಾರಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗಿ ಅಂತ ನಾವು ಯಾರಿಗೂ ಹೇಳಲಾರೆವು.

ಇನ್ನೊಂದು ಕಾರಣ ಸದ್ದು. ಹಬ್ಬದ ಸಂಗೀತ, ಕುಣಿತ ಎಲ್ಲಾ ಸಂಜೆಯೇ. ಜೇನು ಸಾಕುವವರ ಬಗ್ಗೆ ಒಂದು ಚಿತ್ರ ಹಾಕಿದ್ದೆವು, ನೆನಪಿದೆಯೇ? ಪೆಟ್ಟಿಗೆ ತೆರೆದಾಗ ಜೇನಿನ ಗುಂಯ್ ಸದ್ದು ಬಿಟ್ಟರೆ ಬೇರೇನೂ ಕೇಳಬಾರದು. ನಮಗೆ ಕೇಳಿಸಿದ್ದು ಹೊರಗಿನ ಚೆಂಡೆ.

ಮಧ್ಯಾಹ್ನದ ಆಟಕ್ಕೂ ತೊಂದರೆ ಇಲ್ಲ ಅಂತಲ್ಲ. ಕಿಟಕಿ ಸಂದಿಯಿಂದ ಬಿಸಿಲು ಪರದೆ ಮೇಲೆ ಬೀಳುತ್ತದೆ. ಜೋರು ಮಳೆ ಬಂದರೆ ತಗಡಿನ ಮಾಡು ಚೆಂಡೆಗಿಂತ ಜಾಸ್ತಿ ಸದ್ದು ಮಾಡುತ್ತದೆ. ಆಗ ಐದು ನಿಮಿಷ ಚಿತ್ರ ನಿಲ್ಲಿಸುತ್ತೇವೆ, ಸಹಕರಿಸಿ. ಅಂಗಡಿ ಇಟ್ಟವರಿಗೆ, ಆಫೀಸಿಗೆ ಹೋಗುವವರಿಗೆ ಈ ಹೊತ್ತು ಸರಿಹೋಗುವುದಿಲ್ಲ ಅಂತಲೂ ಗೊತ್ತು. ತೋಟದ ಕೆಲಸದವರಲ್ಲೂ ಹಲವರಿಗೆ ರಜೆ ಸಿಗುವುದು ಭಾನುವಾರ. ಭಾನುವಾರದ ಆಟ ಇಟ್ಟಿದ್ದು ಅವರೆಲ್ಲರಿಗಾಗಿ. ನಿರ್ದೇಶಕರಿಗೂ ಅವತ್ತು ಮಧ್ಯಾಹ್ನದವರೆಗೆ ಇರಲು ಕೇಳಿಕೊಂಡಿದ್ದೇವೆ.

ಶುಕ್ರವಾರ ಸಂತೆ ದಿನ. ಸಂತೆ ಮುಗಿಸಿ ಬರುವವರ ಚೀಲ ಇಡಲು ಕೌಂಟರ್ ಪಕ್ಕ ಬೆಂಚು ಹಾಕಿರುತ್ತೇವೆ. ಒಣಮೀನು ಇದ್ದರೆ ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ. ಕಳೆದ ವರ್ಷ ಮೂರನೇ ಸಾಲಿನವರು ದೂರು ಕೊಟ್ಟಿದ್ದರು.

ಇಂಟರ್‌ವೆಲ್ ತೆಗೆದಿದ್ದಕ್ಕೆ ಕ್ಯಾಂಟೀನ್‌ನವರಿಗೆ ಬೇಸರ ಇದೆ. ಆದರೆ ಬಹಳಷ್ಟು ಸಾಕ್ಷ್ಯಚಿತ್ರಗಳು ಒಂದು ಗಂಟೆಯ ಆಚೀಚೆ ಮುಗಿಯುತ್ತವೆ. ನಿರ್ದೇಶಕರು ನಿಲ್ಲಿಸದ ಕಡೆ ನಾವು ಕತ್ತರಿಸಿ ಟೀ ಮಾರುವುದು ಚೆನ್ನಾಗಿರುವುದಿಲ್ಲ. ಚಿತ್ರ ಮುಗಿದ ಮೇಲೆ ಕಾಫಿ ಹಾಲ್ ಒಳಗೇ ಬರುತ್ತದೆ. ಅದನ್ನು ಕುಡಿಯುತ್ತಾ ಮಾತಾಡಬಹುದು. ಐದು ಗಂಟೆಗೆ ಮಾತು ನಿಲ್ಲಿಸುತ್ತೇವೆ, ಬಸ್ಸಿಗೆ ಸಮಯ ಇರುತ್ತದೆ.

ಸಾಕ್ಷ್ಯಚಿತ್ರ ಅಂದರೆ ಬೋರು ಅನ್ನುವ ಮಾತು ಇನ್ನೂ ಇದೆ. ಅದಕ್ಕೂ ಕಾರಣ ಇದೆ ಬಿಡಿ. 1948ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ನ ಚಿತ್ರಗಳನ್ನು ಸಿನಿಮಾಗೆ ಮುಂಚೆ ಟಾಕೀಸಿನವರು ಕಡ್ಡಾಯವಾಗಿ ತೋರಿಸಬೇಕಿತ್ತು. ಅಣೆಕಟ್ಟು, ಮಂತ್ರಿಗಳ ಪ್ರವಾಸ, ನೆರೆ ಪರಿಹಾರ. ಅದು ಮುಗಿಯುವವರೆಗೆ ಹೊರಗೆ ನಿಂತು ಬೀಡಿ ಸೇದಿದವರು ನಮ್ಮ ಸದಸ್ಯರಲ್ಲೂ ಇದ್ದಾರೆ. ಆ ಸಂಸ್ಥೆಯನ್ನೇ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ (ಎನ್‌ಎಫ್‌ಡಿಸಿ) ಸೇರಿಸಿದರು. ಈಗ ಬರುತ್ತಿರುವ ಚಿತ್ರಗಳ ರೀತಿಯೇ ಬೇರೆ. ಒಂದು ಸಲ ಸುಮ್ನೆ ಬಂದು ಕುಳಿತು ನೋಡಿ.

2023ರಲ್ಲಿ ಆಸ್ಕರ್ ಬಂದ ಮುದುಮಲೆಯ ಆನೆಗಳ ಚಿತ್ರವನ್ನು ಯಾಕೆ ಹಾಕುವುದಿಲ್ಲ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮನೆಯಲ್ಲಿ ದುಡ್ಡು ಕಟ್ಟಿ ಮೊಬೈಲ್‌ನಲ್ಲಿ ನೋಡುವುದು ಬೇರೆ, ಟಿಕೆಟ್ ಮಾರಿ ಹಾಲ್‌ನಲ್ಲಿ ತೋರಿಸುವುದು ಬೇರೆ. ಅದಕ್ಕೆ ಚಿತ್ರದ ಹಕ್ಕು ಇರುವವರಿಂದ ಪ್ರತ್ಯೇಕ ಅನುಮತಿ ಬೇಕು. ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ 1952ರ ಕಾಯ್ದೆ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟ್ ಕೂಡ ಇರಬೇಕು. ಸಣ್ಣ ಬಜೆಟ್‌ನ ಎಷ್ಟೋ ಸಾಕ್ಷ್ಯಚಿತ್ರಗಳು ಅದನ್ನು ಮಾಡಿಸಿರುವುದಿಲ್ಲ. ನಮಗೆ ಇಷ್ಟವಾದ ಎರಡು ಚಿತ್ರ ಹೀಗೇ ಕೈತಪ್ಪಿದವು. ಪೋಸ್ಟರ್ ಮೇಲೆ ಯುಎ 13+ ಅಂತ ಇದ್ದರೆ, ಅದಕ್ಕಿಂತ ಚಿಕ್ಕ ಮಕ್ಕಳನ್ನು ಕರೆತರಬೇಕೋ ಬೇಡವೋ ಎಂದು ತಂದೆತಾಯಿಯೇ ತೀರ್ಮಾನಿಸಬೇಕು.

ಮತ್ತೊಂದು. ಗುಡ್ಡ ಜಾರುವ ದೃಶ್ಯ ಇರುವ ಚಿತ್ರ ಈ ಸಲವೂ ಇದೆ, ಶನಿವಾರ. ಕೌಂಟರ್‌ನಲ್ಲಿ ಮೊದಲೇ ಹೇಳುತ್ತೇವೆ. ನಡುವೆ ಎದ್ದು ಹೋಗಬೇಕು ಅನಿಸಿದರೆ ಬಾಗಿಲ ಪಕ್ಕದ ಸಾಲು ನಿಮಗಾಗಿ ಖಾಲಿ ಇರುತ್ತದೆ.

ರಾತ್ರಿ ಆಟಕ್ಕೆ ಆಗಲೇ ಟಿಕೆಟ್ ತೆಗೆದುಕೊಂಡವರು ಅದೇ ಟಿಕೆಟ್‌ನಲ್ಲಿ ಮೂರರಲ್ಲಿ ಯಾವ ದಿನವಾದರೂ ಬರಬಹುದು. ಬೇಡ ಅಂದರೆ ಗುರುವಾರ ಸಂಜೆಯೊಳಗೆ ತಿಳಿಸಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಫೋನ್‌ನಲ್ಲಿ ದುಡ್ಡು ಹಾಕಿದ್ದರೆ ಅದೇ ಖಾತೆಗೆ ಹೋಗುತ್ತದೆ.

ಕಿಟಕಿಗಳಿಗೆ ಕಪ್ಪು ಪರದೆ ಹೊಲಿಸುತ್ತಿದ್ದೇವೆ. ಪಡುವಣ ದಿಕ್ಕಿನ ಎರಡಕ್ಕೆ ಬಟ್ಟೆ ಸಾಲಲಿಲ್ಲ. ಮನೆಯಲ್ಲಿ ಹಳೆಯ ಕಪ್ಪು ಕಂಬಳಿ ಇದ್ದರೆ ಶುಕ್ರವಾರ ಬರುವಾಗ ತನ್ನಿ, ಹಬ್ಬ ಮುಗಿದ ಮೇಲೆ ಒಗೆಸಿ ಕೊಡುತ್ತೇವೆ.

ಇಂತಿ,
ಕಾರ್ಯದರ್ಶಿ ಮತ್ತು ಕಮಿಟಿಯವರು
ಮಡಿಕೇರಿ