ಎಂಜಿನ್ ಮೇಲೆ ಚೆಲ್ಲಿದ ಆಯಿಲ್‌ಗೆ ನೀರು ಹೊಡೆಯಬೇಡಿ

ಮಾನ್ಯರೇ,

ವಾಟರ್ ಸರ್ವೀಸ್ ಅಂಗಡಿಗಳ ಒಂದು ರೂಢಿ ನಿಲ್ಲಬೇಕು. ಎಂಜಿನ್ ಮೇಲೆ ಆಯಿಲ್ ಚೆಲ್ಲಿದೆ ಎಂದರೆ ಸಾಕು, ಬಾನೆಟ್ ಎತ್ತಿ ಪ್ರೆಶರ್ ನೀರು ಬಿಡುತ್ತಾರೆ. ಆಮೇಲೆ ಡೀಸೆಲ್ ಸ್ಪ್ರೇ ಮಾಡಿ ಫಳಫಳ ಹೊಳೆಯಿಸಿ ಕೊಡುತ್ತಾರೆ. ಎರಡೂ ಗಾಡಿಗೆ ಕೆಡುಕು.

ನೀರಿನ ರಭಸಕ್ಕೆ ಆಯಿಲ್ ಪೂರ್ತಿ ಹೋಗುವುದಿಲ್ಲ. ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮುಚ್ಚಳ) ಮೇಲಿದ್ದದ್ದು ನೀರಿನ ಜೊತೆ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಗೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಳಕ್ಕೆ, ಸೆನ್ಸರ್ ವೈರ್ ಜೋಡಿಸುವ ಕಪ್ಲರ್‌ಗಳ ಸಂದಿಗೆ ಸೇರುತ್ತದೆ. ಅವತ್ತು ಗಾಡಿ ಚೆನ್ನಾಗಿಯೇ ಓಡುತ್ತದೆ. ಕೆಲವು ದಿನಗಳ ಮೇಲೆ ಕಪ್ಲರ್ ಪಿನ್ನಿಗೆ ಹಸಿರು ಕಿಲುಬು ಹಿಡಿದು ಎಂಜಿನ್ ಮಿಸ್ ಹೊಡೆಯಲು (ತಡವರಿಸಿ ಓಡಲು) ಶುರುವಾದಾಗ ಆ ನೀರಿನ ನೆನಪು ಯಾರಿಗೂ ಇರುವುದಿಲ್ಲ. ಎಂಜಿನ್ ಹೊಗೆ ಹೊರಹೋಗುವ, ಕಾದ ಎರಕದ ಮ್ಯಾನಿಫೋಲ್ಡ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುವುದೂ ಉಂಟು. ಡೀಸೆಲ್ಲು, ಸೀಮೆಎಣ್ಣೆ ಎಂಜಿನ್ ಕೂರಿಸುವ ಮೌಂಟಿಂಗ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಪೆಟ್ರೋಲ್ ಅದ್ದಿದ ಬಟ್ಟೆಯಂತೂ ಬಾನೆಟ್ ಹತ್ತಿರ ಸುಳಿಯಲೇಬಾರದು. ಬ್ಯಾಟರಿಯ ಒಂದು ಕಿಡಿ ಸಾಕು.

ಎಂಜಿನ್ ಪೂರ್ತಿ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹೆಚ್ಚಿನ ಕಾರುಗಳಿಗೆ 10ರ ಸ್ಪ್ಯಾನರ್ ಸಾಕು. ಒಣ ಕೆಲಸ ಮೊದಲು. ಹಳೇ ಬನಿಯನ್ ಬಟ್ಟೆ ಒತ್ತಿ ಹೀರಿಸಿ, ಉಜ್ಜಿದರೆ ಹರಡುತ್ತದೆ. ಕೈ ಹೋಗದ ಕಡೆ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಇಳಿಸಿ. ಪ್ಲಗ್ ಗುಂಡಿಯಲ್ಲಿ ನಿಂತ ಆಯಿಲನ್ನು ಸಿರಿಂಜ್‌ಗೆ ತೆಳು ಪೈಪ್ ಸಿಕ್ಕಿಸಿ, ಪ್ಲಗ್ ಬಿಚ್ಚುವ ಮೊದಲೇ ಎಳೆಯಬೇಕು. ಇಲ್ಲದಿದ್ದರೆ ಅದು ಸಿಲಿಂಡರ್‌ಗೆ ಇಳಿಯುತ್ತದೆ. ಇಷ್ಟು ತಾಳ್ಮೆಯಿಂದ ಮಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಉಳಿದ ಜಿಡ್ಡಿಗೆ ಅರ್ಧ ಲೀಟರ್ ಬಿಸಿನೀರು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಹಳೇ ಬ್ರಷ್. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿಗೆ ಪಾಲಿಥೀನ್ ಕಟ್ಟಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಬೆಲ್ಟ್‌ಗೆ ತಾಗಿದ್ದರೆ ಪುಲ್ಲಿಯ (ಬೆಲ್ಟ್ ಓಡುವ ಚಕ್ರ) ತೋಡುಗಳನ್ನೂ ಸೋಪಿನ ನೀರಿನಲ್ಲಿ ಒರೆಸಬೇಕು. ಬೆಲ್ಟ್ ನೆನೆದೇ ಹೋಗಿದ್ದರೆ ಬದಲಿಸಿ. ಅದು ಜಾರಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಜಾಸ್ತಿ ಎಚ್ಚರ ಬೇಕಾದ್ದು ಮ್ಯಾನಿಫೋಲ್ಡ್ ಹತ್ತಿರ. ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಅಡಿ ಸೇರಿದ ಆಯಿಲ್ ಕಾಣುವುದಿಲ್ಲ, ಅದರ ಬೋಲ್ಟ್ ಬಿಚ್ಚಿಯೇ ಒರೆಸಬೇಕು. ಬಳಸಿದ ಬಟ್ಟೆಗಳನ್ನು ಎಣಿಸಿ ಹೊರಗೆ ತೆಗೆಯಿರಿ. ಒಂದು ಬಟ್ಟೆ ಒಳಗೇ ಮರೆತು ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಕಟ್ಟಿದ ಪಾಲಿಥೀನ್ ಬಿಚ್ಚಿ, ಬ್ಯಾಟರಿ ಜೋಡಿಸಿ, ಆಯಿಲ್ ಕ್ಯಾಪ್ ತಿರುಗಿಸಿ ಬಿಗಿಯಾಗಿದೆಯೇ ನೋಡಿ, ಬಯಲಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಅಳಿದುಳಿದದ್ದು ಉರಿದು ಹತ್ತು-ಹದಿನೈದು ನಿಮಿಷ ಸಣ್ಣ ಹೊಗೆ ಬರಬಹುದು. ಹೊಗೆ ಕಡಿಮೆಯಾಗದೆ ಏರುತ್ತಲೇ ಹೋದರೆ ತಕ್ಷಣ ಆಫ್ ಮಾಡಿ.

ಚೆಲ್ಲಿದ್ದೋ ಸೋರುತ್ತಿರುವುದೋ ಎಂಬ ಅನುಮಾನವಿದ್ದರೆ, ಒರೆಸಿ ಒಣಗಿದ ಟ್ಯಾಪೆಟ್ ಕವರ್ ಅಂಚಿಗೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ 20–30 ಕಿ.ಮೀ. ಓಡಿಸಿ. ಕವರಿನ ಅಡಿಯ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಪಟ್ಟಿ) ಸೋರುತ್ತಿದ್ದರೆ ಬಿಳಿ ಪುಡಿಯಲ್ಲಿ ಕಪ್ಪು ಒದ್ದೆ ಗೆರೆ ಮೂಡುತ್ತದೆ. ಪುಡಿ ಒಣಗಿಯೇ ಇದ್ದರೆ ಗ್ಯಾಸ್ಕೆಟ್ ಬದಲಿಸಲು ದುಡ್ಡು ಕೊಡಬೇಡಿ. ಎಂಜಿನ್ ಅಡಿಯ ತಗಡಿನಲ್ಲಿ ನಿಂತ ಆಯಿಲ್ ಎರಡು ದಿನ ತೊಟ್ಟಿಕ್ಕುವುದನ್ನೇ ಲೀಕ್ ಎಂದು ಹೇಳಿ ಬಿಲ್ ಮಾಡುವುದುಂಟು.

ನೆಲದ ಮೇಲಿನ ಆಯಿಲ್‌ಗೆ ಮರದ ಹೊಟ್ಟು ಹಾಕಿ ಗುಡಿಸಬೇಕು, ಚರಂಡಿಗೆ ನೂಕಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಇದೆ, ಅದನ್ನು ಒರೆಸಿದ ಬಟ್ಟೆಯೂ ಇದೆ. ವಾಟರ್ ಸರ್ವೀಸ್‌ಗೆ ಲೈಸೆನ್ಸ್ ಕೊಡುವ ಸ್ಥಳೀಯ ಸಂಸ್ಥೆಗಳು ಒಂದು ಮೂಟೆ ಹೊಟ್ಟು, ಮುಚ್ಚಳವಿರುವ ಒಂದು ಡ್ರಮ್, ಚರಂಡಿಗೆ ಮೊದಲು ಆಯಿಲ್ ತಡೆಯುವ ಒಂದು ತೊಟ್ಟಿ ಇವೆಯೇ ಎಂದು ನೋಡಿಯೇ ನವೀಕರಿಸಲಿ.

– ಗ್ಯಾರೇಜ್ ಮೆಕ್ಯಾನಿಕ್, ಹಾವೇರಿ