ಸದಸ್ಯರ ಗಮನಕ್ಕೆ: ಎಲುಬಿನಾಕಾರದ ಸುಣ್ಣದ ಗಂಟುಗಳ ಕುರಿತು

ಆತ್ಮೀಯ ಸದಸ್ಯರೇ,

ಮಾನ್ವಿ ಕಡೆಯ ಎರೆಹೊಲಗಳಲ್ಲಿ ಸಿಕ್ಕ ಕಲ್ಲುಗಳ ಚಿತ್ರಗಳನ್ನು ಮಯೋಸೀನ್ ಕಾಲದ ಎಲುಬುಗಳೆಂದು ನಮ್ಮ ಗುಂಪಿನಲ್ಲಿ ಹಂಚಲಾಗುತ್ತಿದೆ. ಅವು ಮಣ್ಣಿನಲ್ಲಿಯೇ ಕಟ್ಟಿಕೊಂಡ ಸುಣ್ಣದ ಗಂಟುಗಳು. ಮಯೋಸೀನ್ ಸುಮಾರು 2.3 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 53 ಲಕ್ಷ ವರ್ಷಗಳ ಹಿಂದೆ ಮುಗಿಯಿತು. ರಾಯಚೂರಿನ ಗ್ರಾನೈಟ್ ಬಂಡೆಗಳಾದರೋ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು, ಆದ್ದರಿಂದ ಅವುಗಳೊಳಗೆ ಮಯೋಸೀನ್ ಎಲುಬು ಇರಲಾರದು.

ಆದರೂ ಈ ಗಂಟುಗಳನ್ನು ಅಲಕ್ಷಿಸಬಾರದು. ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳಲ್ಲಿ, ಹಳೆಯ ನದಿಬಯಲಿನ ಮಣ್ಣಿನೊಳಗೆ ಉಳಿದಿರುವ ಇಂತಹವೇ ಗಂಟುಗಳ ಇಂಗಾಲವನ್ನು ಅಳೆದ ವಿಜ್ಞಾನಿಗಳು, ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ಅಲ್ಲಿನ ಕಾಡು ಹಿಂದೆ ಸರಿದು, ಬಿಸಿಲನ್ನು ತಾಳುವ ಸಿ4 ಬಗೆಯ (ಗಾಳಿಯ ಇಂಗಾಲವನ್ನು ಹೀರಿಕೊಳ್ಳುವ ರೀತಿಯಲ್ಲಿ ಸಿ3 ಸಸ್ಯಗಳಿಗಿಂತ ಬೇರೆಯಾದ) ಹುಲ್ಲು ಹರಡಿತೆಂದು ಕಂಡುಕೊಂಡಿದ್ದಾರೆ. ನಮ್ಮ ಬಿಳಿಜೋಳ ಆ ಸಿ4 ಬಗೆಗೇ ಸೇರಿದ್ದು, ಸಿಂಧನೂರಿನ ಭತ್ತ ಕಾಡಿನ ಮರಗಳಂತೆ ಸಿ3 ಬಗೆಗೆ ಸೇರಿದ್ದು. ಎರಡರಲ್ಲೂ ಭಾರವಾದ ಇಂಗಾಲದ (ಇಂಗಾಲ-13ರ) ಪ್ರಮಾಣ ಬೇರೆ, ಆ ವ್ಯತ್ಯಾಸವೇ ಮಣ್ಣಿನ ಸುಣ್ಣದಲ್ಲಿಯೂ ಮೇಯುವ ಪ್ರಾಣಿಗಳ ಹಲ್ಲಿನ ಹೊಳಪುಪದರದಲ್ಲಿಯೂ ಉಳಿಯುತ್ತದೆ. ಮೂರು ಗೊರಸಿನ ಕುದುರೆಯಾದ ಹಿಪ್ಪಾರಿಯನ್‌ನ ಹಲ್ಲುಗಳು ಈ ಮಾತಿಗೆ ಸಾಕ್ಷಿ. ಹಣ್ಣು ತಿಂದು ಮರಗಳಲ್ಲಿ ಬದುಕಿದ್ದ ಶಿವಪಿಥೆಕಸ್ ಎಂಬ ವಾನರ ಸುಮಾರು 85 ಲಕ್ಷ ವರ್ಷಗಳ ಹಿಂದೆಯೇ ಆ ಪದರಗಳಿಂದ ಕಾಣೆಯಾಗುತ್ತದೆ. ನನಗೆ ಈ ಕಥೆಯಲ್ಲಿ ಅತ್ಯಂತ ನೋವು ತರುವ ಭಾಗ ಇದು.

ಆದುದರಿಂದ ಇನ್ನು ಮುಂದೆ ಚಿತ್ರ ಹಾಕುವವರು ಕಲ್ಲು ಸಿಕ್ಕ ಆಳವನ್ನೂ, ಅದು ಮಣ್ಣಿನಲ್ಲಿತ್ತೋ ಬಂಡೆಯಲ್ಲಿತ್ತೋ ಎಂಬುದನ್ನೂ ತಪ್ಪದೆ ಬರೆಯಬೇಕು, ಕಲ್ಲನ್ನು ಒಡೆಯಬಾರದು. ಪದರ ತಿಳಿಯದಿದ್ದರೆ ಎಲುಬೇ ಸಿಕ್ಕರೂ ಅದರ ಕಾಲವನ್ನು ಹೇಳುವುದು ಬಹಳ ಕಷ್ಟ.